ಮುಳುಗದ ಗಾಜಿನ ಚೆಂಡು

ಹಗ್ಗ ಬಿಗಿಯಿತು.

"ಮೇಡಂ, ಏನೋ ಸಿಕ್ಕದ್ರೀ!" ಎಂದು ಕಾನ್‌ಸ್ಟೇಬಲ್ ಲಾಡ್ಲೇಸಾಬ ದೋಣಿಯಿಂದ ಕೂಗಿದ. ಕೂಗಿದ ಮೇಲೆ, ಹಾಗೆ ಕೂಗಬಾರದಿತ್ತು ಎಂದು ಅವನಿಗೇ ಅನ್ನಿಸಿ ನಾಲಿಗೆ ಕಚ್ಚಿಕೊಂಡ.

ದಂಡೆಯ ಬಂಡೆಯ ಮೇಲೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಶೇಖಮ್ಮ ನೀರಿನ ಅಂಚಿಗೆ ಬಂದಳು. ಬೆಳಗಿನಿಂದ ಆ ಪಾತಾಳಗರಡಿ ಖಣಿಯ ನೀರಿಗೆ ಇಳಿಯುತ್ತಲೇ ಇತ್ತು, ಏಳುತ್ತಲೇ ಇತ್ತು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಆದರೆ ಶೇಖಮ್ಮ ಹುಡುಕುತ್ತಿದ್ದದ್ದು ಕೊಡವನ್ನಲ್ಲ, ಒಡಹುಟ್ಟಿದ ತಮ್ಮನನ್ನು.

"ಮೆಲ್ಲಕ ಎಳಿ, ಲಾಡ್ಲೇಸಾಬ. ಕೊಕ್ಕಿ ಚುಚ್ಚೀತು," ಎಂದಳು.

ಯಾರಿಗೆ ಚುಚ್ಚೀತು ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಮೇಲೆ ಬಂದದ್ದು ಪಾಚಿ ಮೆತ್ತಿದ ಒಂದು ಜಾಲಿಯ ಕೊಂಬೆ. ಲಾಡ್ಲೇಸಾಬ ಅದನ್ನು ಬಿಡಿಸಿ ಅತ್ತ ಎಸೆದ. ಶೇಖಮ್ಮ ಬಿಟ್ಟ ಉಸಿರು ದಂಡೆಯ ಮೇಲೆ ಕುಳಿತ ಜನರಿಗೆಲ್ಲ ಕೇಳಿಸಿತು.

ಹಿಂದಿನ ವಾರದ ಕಂತು ಓದದೆ ತಪ್ಪಿಸಿಕೊಂಡವರಿಗೆ ಇಷ್ಟು ಗೊತ್ತಿದ್ದರೆ ಸಾಕು: ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಬದಿಯ ಈ ಹಳೇ ಕಲ್ಲಿನ ಖಣಿಯಲ್ಲಿ ವಿಜ್ಞಾನಿಗಳು ಇಳಿಬಿಟ್ಟಿದ್ದ ಗಾಜಿನ ಚೆಂಡುಗಳಲ್ಲಿ ಒಂದು ನಿನ್ನೆ ನಸುಕಿನಲ್ಲಿ ಮಾಯವಾಗಿದೆ, ಜೊತೆಗೆ ಅಲ್ಲಿನ ಕಾವಲುಗಾರ ಸಾಬಣ್ಣನೂ ಮಾಯವಾಗಿದ್ದಾನೆ.

ಸಾಬಣ್ಣ ಬೇರೆ ಯಾರೂ ಅಲ್ಲ, ಶೇಖಮ್ಮನ ತಮ್ಮ. ತಮ್ಮನ ಕೇಸು ಅಕ್ಕನ ಕೈಯಲ್ಲಿ ಇರಬಾರದು ಎಂದು ಯಾದಗಿರಿಯಿಂದ ಸಾಹೇಬರು ಆಗಲೇ ಹೇಳಿದ್ದರು. ನಾಳೆ ಬೆಳಗ್ಗೆ ಇನ್ನೊಬ್ಬ ಅಧಿಕಾರಿ ಬರುತ್ತಾನೆ. ಇವತ್ತೊಂದು ದಿನ ಮಾತ್ರ ಅವಳದು.

ಆ ಒಂದು ದಿನಕ್ಕೂ ಕಾಲುವೆ ಅಡ್ಡ ಬಂದಿತ್ತು. ಸಂಜೆಗೆ ನೀರು ಬಿಡುತ್ತಾರೆ. ಕಾಲುವೆ ಬರುವ ಮೊದಲು ಈ ಖಣಿ ಒಣಗಿ ಬಿದ್ದಿತ್ತಂತೆ, ಕುರಿಗಳು ಒಳಗಿಳಿದು ಮೇಯುತ್ತಿದ್ದವಂತೆ. ಈಗ ಕಾಲುವೆಗೆ ನೀರು ಬಂದ ರಾತ್ರಿಯೇ ಬಸಿನೀರೆಲ್ಲ ಇಲ್ಲಿಗೆ ನುಗ್ಗಿ, ಬೆಳಗಾಗುವುದರೊಳಗೆ ಆಳೆತ್ತರ ಏರುತ್ತದೆ, ಎರೆಮಣ್ಣು ಕಲಸಿ ಕರ್ರಗಾಗುತ್ತದೆ. ಒಂದು ದಿನ ತಡಮಾಡಿ ಎಂದು ಶೇಖಮ್ಮ ಫೋನಿನಲ್ಲಿ ಯಾರ ಯಾರ ಕಾಲಿಗೋ ಬಿದ್ದಿದ್ದಳು. ಕೊನೆಯ ಹೊಲಗಳಲ್ಲಿ ಹತ್ತಿ ಬಾಡುತ್ತಿದೆ, ಒಬ್ಬ ವಾಚ್‌ಮನ್ನನಿಗಾಗಿ ಕಾಲುವೆ ನಿಲ್ಲಿಸಲಾಗದು ಎಂಬ ಉತ್ತರ ಬಂದಿತ್ತು.

ಇನ್ನು ಆ ಪಾತಾಳಗರಡಿ ಸಿಕ್ಕ ಕಥೆ ಕೇಳಿ. ಪಕ್ಕದ ಹಳ್ಳಿಯ ಜೈತುನಬೀಯ ಮನೆಯದು. ಒತ್ತೆಗೆ ಏನಾದರೂ ಇಡದೆ ಅವಳು ಅದನ್ನು ಯಾರಿಗೂ ಕೊಟ್ಟವಳಲ್ಲ. ಪೊಲೀಸರಾದರೆ ಬಿಟ್ಟಾಳೆಯೇ? "ಚರಗಿ ಇಲ್ಲಂದ್ರ ತಲಿಮ್ಯಾಲಿನ ಟೊಪಗಿ ಇಟ್ಟು ಹೋಗಪಾ," ಅಂದಳು. ಲಾಡ್ಲೇಸಾಬ ಬೆಳಗಿನಿಂದ ಬರಿದಲೆಯಲ್ಲೇ ಬಿಸಿಲು ಕಾಯುತ್ತಿದ್ದ.

ದೋಣಿಯ ಹುಟ್ಟು ಹಿಡಿದಿದ್ದವನು ಬೋನಾಳದ ಅಂಬ್ರಪ್ಪ. ಚೆಂಡುಗಳ ಹಗ್ಗ ಕಟ್ಟಲು ವಿಜ್ಞಾನಿಗಳು ಇಟ್ಟುಕೊಂಡಿದ್ದ ಮುಳುಗುಗಾರ. ಕಾಲುವೆಯಲ್ಲಿ ಬಿದ್ದವರ ಹೆಣಗಳನ್ನು ಪೊಲೀಸರಿಗೆ ತೆಗೆದುಕೊಟ್ಟು ತೆಗೆದುಕೊಟ್ಟು ಠಾಣೆಯವರಿಗೆಲ್ಲ ಬೇಕಾದವನು, ಶೇಖಮ್ಮನನ್ನು ಅಕ್ಕಾ ಎಂದೇ ಕರೆಯುವವನು. ಸಿಲಿಂಡರಿನಲ್ಲಿ ಗಾಳಿ ಖಾಲಿಯಾಗಿದೆ, ತುಂಬುವ ಯಂತ್ರ ಕೆಟ್ಟಿದೆ, ಹಾಗಾಗಿ ಇಳಿಯಲಾರೆ ಎಂದು ಅವನು ಬೆಳಗ್ಗೆಯೇ ಕೈಮುಗಿದಿದ್ದ.

"ಇನ್ನೊಮ್ಮಿ ನಟ್ಟನಡು ಒಗೀರಿ," ಎಂದ ಅಂಬ್ರಪ್ಪ. "ಪಡುವಣ ಗ್ವಾಡಿ ಕಡಿ ಬರೇ ಬಂಡಿಗಲ್ಲು. ಕೊಕ್ಕಿ ಸಿಕ್ಕೊಂಡು ಹೋದ್ರ ಜೈತುನಬೀ ಮುದುಕಿಗೆ ಏನ್ ಹೇಳ್ತೀರಿ?"

ಶೇಖಮ್ಮನ ಫೋನು ಗುಂಯ್ಗುಟ್ಟಿತು. ದೇವಾಪುರದಿಂದ ಅವ್ವ.

"ಸಿಕ್ಕನೇನವ್ವಾ?"

"ಇಲ್ಲ ಅವ್ವಾ."

"ಸಿಗಬಾರದು ಬಿಡು. ಆ ನೀರಾಗ ಸಿಗಬಾರದು. ಕಳ್ಳ ಅಂತಾರಲ್ಲ ಊರಾಗಿನ ಮಂದಿ? ಅನ್ನಲಿ. ಕದ್ದು ಪುಣೆಗೋ ಬೊಂಬಾಯಿಗೋ ಓಡಿ ಹೋಗಿರಲಿ. ಜೇಲಿಗೆ ಹಾಕ್ರಿ, ನಾ ಬುತ್ತಿ ಕಟಗೊಂಡು ಬರ್ತೀನಿ. ಜೀವ ಇದ್ರ ಸಾಕು ನನಗ."

ಶೇಖಮ್ಮ ಫೋನು ಇಟ್ಟು ಅತ್ತ ತಿರುಗಿ ಸೆರಗಿಲ್ಲದ ಖಾಕಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಕಳ್ಳರನ್ನು ಹಿಡಿಯುವುದೇ ಕೆಲಸವಾದವಳು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದದ್ದೂ ಅದನ್ನೇ. ದೇವರೇ, ನನ್ನ ತಮ್ಮ ಕಳ್ಳನಾಗಿರಲಿ.

ಹಾಗೆ ಹೇಳುವ ಸಾಕ್ಷಿಯೂ ಇತ್ತು. ವಿಜ್ಞಾನಿಗಳ ಬಿಡಾರಕ್ಕೆ ತಗಡಿನ ಶೆಡ್ಡು, ಡೀಸೆಲ್, ಊಟ ಒದಗಿಸುವ ಗುತ್ತಿಗೆದಾರ ಬಸವಂತ್ರಾಯ ಕಣ್ಣಾರೆ ಕಂಡಿದ್ದನಂತೆ. ಸಾಬಣ್ಣ ಕುಡಗೋಲಿನಿಂದ ಹಗ್ಗ ಕೊಯ್ದ, ಚೆಂಡು ಮುಳುಗಿತು, ಅದನ್ನು ತರಲು ಇವನೂ ಹಾರಿದ, ಬರಿಗೈಲಿ ಎದ್ದು ಕಬ್ಬಿನ ಹೊಲದಲ್ಲಿ ಓಡಿಹೋದ. ಓಡಿಹೋದ ಅನ್ನುವ ಒಂದು ಮಾತಿಗೆ ಜೋತುಬಿದ್ದು ಶೇಖಮ್ಮ ಇನ್ನೂ ನಿಂತಿದ್ದಳು. ಆದರೆ ಕಬ್ಬಿನ ಹೊಲದ ಕೆಸರಿನಲ್ಲಿ ಒಂದು ಹೆಜ್ಜೆಯೂ ಮೂಡಿರಲಿಲ್ಲ, ಅದಕ್ಕೇ ಈ ಪಾತಾಳಗರಡಿ.

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂತು. ಇಳಿದವನು ಡಾಕ್ಟರ್ ಮರಿಲಿಂಗಪ್ಪ. ದೇವಾಪುರದವನೇ. ಡಾಕ್ಟರ್ ಅಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ, ಆದರೂ ಊರಿಗೆ ಬಂದಾಗಲೆಲ್ಲ ಮುದುಕಿಯರು ಮೊಣಕಾಲು ಮುಂದೆ ಮಾಡಿ ಕೂರುತ್ತಿದ್ದರು. ಸಾಬಣ್ಣನಿಗೆ ಈ ಕೆಲಸ ಕೊಡಿಸಿದವನು ಅವನೇ. ಹೈದರಾಬಾದಿನಲ್ಲಿದ್ದವನು ಸುದ್ದಿ ಕೇಳಿ ರೈಲು ಹತ್ತಿ, ಯಾದಗಿರಿಯಲ್ಲಿ ಇಳಿದು ನೇರ ಇಲ್ಲಿಗೇ ಬಂದಿದ್ದ.

"ತಂಗೀ," ಎಂದ. ದೋಣಿಯ ಕಡೆ ನೋಡಿ ಹುಬ್ಬು ಗಂಟಿಕ್ಕಿದ. "ತಳದಾಗ ಏನ್ ಹುಡುಕಾಕತ್ತೀರಿ?"

"ನಿಮ್ಮ ಚೆಂಡು, ಅಣ್ಣಾರ. ಮತ್ತ... ಸಾಬಣ್ಣನ್ನ."

"ಚೆಂಡು ತಳದಾಗ ಯಾಕ ಇರತದ?"

"ಹಗ್ಗ ಕೊಯ್ದ ಮ್ಯಾಲ ಮುಳುಗಿತಂತ. ಬಸವಂತ್ರಾಯ ನೋಡ್ಯಾನ."

ಮರಿಲಿಂಗಪ್ಪ ಅವಳ ಮುಖವನ್ನೇ ದಿಟ್ಟಿಸಿದ. "ಮುಳುಗಿತು? ಅದು ಮುಳುಗಂಗಿಲ್ಲ ತಂಗೀ! ಒಳಗ ಬರೇ ಗಾಳಿ, ಒಂದು ಬ್ಯಾಟ್ರಿ, ಒಂದು ದೀಪ. ನೀರಿಗೆ ಒತ್ತಿ ಹಿಡೀಬೇಕಂದ್ರ ಇಬ್ಬರು ಗಂಡಾಳು ಬೇಕು. ತಳದಾಗ ಕಬ್ಬಿಣದ ಗುಂಡು ಇಟ್ಟು, ಅದಕ್ಕ ಕಟ್ಟಿ ನಿಲ್ಲಿಸೀವಿ. ಹಗ್ಗ ಇರೋದು ಅದು ಬೀಳಬಾರದಂತ ಅಲ್ಲ, ಏಳಬಾರದಂತ!"

ಅಯ್ಯೋ! ಇಡೀ ತಾಲ್ಲೂಕೇ ತಪ್ಪಿದ ಲೆಕ್ಕ ಅದು. ಬಾವಿಯ ನೀರು ಸೇದಿ ಬೆಳೆದ ಜನ. ಹಗ್ಗ ಹರಿಯಿತು ಅಂದ ಕೂಡಲೇ ಕೊಡ ತಳ ಸೇರಿತು ಎಂದೇ ಎಲ್ಲರ ತಲೆಯಲ್ಲಿ. ಊರವರು ಹಾಗೆ ನಂಬಿದರು, ಪಂಚನಾಮೆಯಲ್ಲಿ ಪೊಲೀಸರು ಹಾಗೆ ಬರೆದರು, ಕೂಡಲೇ ಜೈತುನಬೀಯ ಮನೆಗೆ ಓಡಿದರು. ಸುಳ್ಳು ಹೇಳಿದವನೂ ಅದೇ ಬಾವಿಯ ನೀರು ಕುಡಿದವನು, ಅವನ ಸುಳ್ಳೂ ತಳಕ್ಕೇ ಇಳಿಯಿತು.

ಶೇಖಮ್ಮ ಲೆಕ್ಕ ಹಾಕಿದಳು. ಚೆಂಡು ಮುಳುಗುವುದನ್ನು ಬಸವಂತ್ರಾಯ ನೋಡಿಲ್ಲ. ಹಾಗಾದರೆ ಸಾಬಣ್ಣ ಓಡುವುದನ್ನೂ ನೋಡಿಲ್ಲ.

"ಮೇಡಂ!" ಲಾಡ್ಲೇಸಾಬನ ದನಿ ಈ ಸಲ ಬೇರೆಯಾಗಿತ್ತು. "ಭಾಳ ಭಾರ ಅದರೀ... ಯಾ ಅಲ್ಲಾ!"

ದಂಡೆಯ ಮೇಲಿದ್ದ ಗಂಡಸರು ನೀರಿಗಿಳಿದು, ಅವನು ಎಸೆದ ಹಗ್ಗದ ತುದಿಗೆ ಕೈಹಾಕಿದರು. ಹಗ್ಗ ಗೇಣು ಗೇಣಾಗಿ ಮೇಲೆ ಬಂತು. ಶೇಖಮ್ಮ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ, ಚಿಕ್ಕಂದಿನಲ್ಲಿ ಕಾಲುವೆಗೆ ಹಾರಿ ಆಚೆ ದಂಡೆಯಲ್ಲಿ ಎದ್ದು ಹಲ್ಲು ಕಿರಿಯುತ್ತಿದ್ದ ತಮ್ಮನ ಮುಖ ಬಂತು. ಬ್ಯಾಡ, ಬ್ಯಾಡ, ಬ್ಯಾಡ ಎಂದು ಅವಳ ತುಟಿ ಅನ್ನುತ್ತಲೇ ಇತ್ತು.

"ಕಬ್ಬಿಣರೀ," ಎಂದ ಲಾಡ್ಲೇಸಾಬ. ಅವನೇ ಅಳುವವನ ಹಾಗಿದ್ದ. "ಬರೇ ಕಬ್ಬಿಣ."

ಚೆಂಡನ್ನು ಕಟ್ಟಿದ್ದ ಗುಂಡು ಅದು. ಅಂಬ್ರಪ್ಪ ದೋಣಿಯನ್ನೂ ದಂಡೆಗೆ ತಂದ. ಮರಿಲಿಂಗಪ್ಪ ಮಂಡಿಯೂರಿ ಅದರ ತಲೆಯ ಮೇಲಿನ ಕೊಂಡಿಯನ್ನು ಬೆರಳಿನಿಂದ ಒರೆಸಿದ. ಕೊಂಡಿಯ ತಿರುಪು ಬಿಚ್ಚಿತ್ತು. ಹಗ್ಗದ ಒಂದು ಎಳೆಯೂ ಅಲ್ಲಿ ಉಳಿದಿರಲಿಲ್ಲ.

"ಕೊಯ್ದಿಲ್ಲ ತಂಗೀ. ಪಾನಾ ಹಾಕಿ ತಿರುಗಿಸಿ ಬಿಚ್ಚ್ಯಾರ. ತಳದಾಗ ನಿಂತು ಬಿಚ್ಚಿದ ಕೆಲಸ ಇದು."

ಒಂದು ಪ್ರಶ್ನೆ ಆಗಲೇ ಕೇಳಿಕೊಳ್ಳಬೇಕಿತ್ತು. ಬೇರೆಯವರ ಕೇಸಾಗಿದ್ದರೆ ಶೇಖಮ್ಮ ಮೊದಲು ಅದನ್ನೇ ಕೇಳುತ್ತಿದ್ದಳು. ಆದರೆ ಅವಳ ತಲೆಯ ತುಂಬ ಆಗ ಇದ್ದದ್ದು ಬಸವಂತ್ರಾಯನ ಮುಖ ಒಂದೇ.

"ಅಣ್ಣಾರ, ಮುಳುಗೋ ಜಾತಿದಲ್ಲ ಅಂದ್ರ ಅದು ಎಲ್ಲಿ ಹೋಗಿರಬೇಕು?"

"ಹೊರಗ ಒಯ್ದಿರಬೇಕು. ಇಲ್ಲಂದ್ರ ನೀರೊಳಗೇ ಯಾವುದರೆ ಬಂಡಿಗಲ್ಲಿನ ಅಡಿ ಸಿಕ್ಕಿ ಮ್ಯಾಲ ಬರಲಾರದಂಗ ನಿಂತಿರಬೇಕು." ಮರಿಲಿಂಗಪ್ಪ ಎದ್ದು ಕೈ ಝಾಡಿಸಿಕೊಂಡ. "ಉಳಿದ ಚೆಂಡುಗಳೊಳಗ ಕಣ್ಣು ಅದಾವಲ್ಲ, ಬೆಳಕು ನೋಡೋ ಕಣ್ಣು. ಕಳದದ್ದರಾಗ ಇರೋದು ದೀಪ. ಆ ಕಣ್ಣುಗಳನ್ನ ತಾಳೆ ಮಾಡಾಕ ಇಟ್ಟ ದೀಪ ಅದು. ದೀಪ ಹತ್ತಿಕೊಂಡಿದ್ರ ಕಣ್ಣಿಗೆ ಕಾಣಬೇಕು."

"ಹಂಗಾದ್ರ ಆ ಕಣ್ಣು ಈಗ ಹಚ್ಚಿ ನೋಡ್ರಿ!"

"ಹಗಲಿನ್ಯಾಗ ಕರೆಂಟು ಕೊಟ್ರ ಕಣ್ಣು ಸುಟ್ಟು ಹೋಗ್ತಾವ ತಂಗೀ. ಗವ್ವೆನ್ನೋ ಕತ್ತಲ ಬೇಕು ಅವಕ್ಕ." ಅವನು ಪಡುವಣಕ್ಕೆ ನೋಡಿದ. ಸೂರ್ಯ ಇನ್ನೂ ಗುಡ್ಡದ ಮೇಲಿದ್ದ. "ಎಂಟು ವರ್ಷದ ದುಡಿಮಿ ಅದು."

ಶೇಖಮ್ಮನಿಗೆ ರೇಗಿತು. "ಎಂಟು ವರ್ಷ ಏನ್ ಹುಡುಕಿದ್ರಿ? ಸಿಕ್ಕದ ಏನರ? ನನ್ನ ತಮ್ಮ ಊರಿಗೆ ಬಂದಾಗೆಲ್ಲ ಅದೇ ಹೇಳಾವ. ಆಕಾಶದಿಂದ ನ್ಯೂಟ್ರಿನೊ ಅನ್ನೋ ಕಣ ಬರ್ತಾವ ಅವ್ವಾ, ನಮ್ಮ ಮೈಯಾಗ ಹಾದು ಹೋದ್ರೂ ತಿಳಿಯಂಗಿಲ್ಲ ಅಂತ. ನಮ್ಮವ್ವ ದೆವ್ವೇನೋ ಅಂತ ಲಿಂಬಿಹಣ್ಣು ಇಳಿಸಿ ಒಗದಳು."

ಮರಿಲಿಂಗಪ್ಪನಿಗೆ ಸಿಟ್ಟು ಬರಲಿಲ್ಲ. "ಖರೆ ಹೇಳ್ಯಾನ. ಇಡೀ ಭೂಮಿನೇ ದಾಟಿ ಹೋಗ್ತಾವ. ಅದ್ರಾಗ ಎಲ್ಲಕ್ಕಿಂತ ಜೋರಿನವು ಮಾತ್ರ ದಾಟಂಗಿಲ್ಲ, ನೆಲದಾಗೇ ತಡೀತಾವ. ಅಡ್ಡ ಬಂದ್ರಷ್ಟೇ ಸಿಗೋದು. ನೀರಾಗ ಒಂದು ಬಡೀತಂದ್ರ ನೀಲಿ ಬೆಳಕು ಹಾರತದ. ಅದನ್ನ ಹಿಡಿಯಾಕ ಈ ಕಣ್ಣು. ಮುಂದ ಸಮುದ್ರದ ತಳಕ್ಕ ಇಳಿಸೋವು, ಇಲ್ಲಿ ಬರೇ ಪರೀಕ್ಷಾ. ವರ್ಷಗಟ್ಟಲೆ ಕಾದ್ರ ಒಂದು ಬಂದೀತು, ಬರಲಿಕ್ಕಿಲ್ಲ."

"ವರ್ಷಗಟ್ಟಲೆ ಕಾಯಾಕ ನನ್ನ ಕಡಿ ಇಲ್ರೀ ಅಣ್ಣಾರ. ನನ್ನ ಕಡಿ ಇರೋದು ಈ ಹೊತ್ತು."

ಅವನು ತಲೆ ತಗ್ಗಿಸಿದ. "ಹೊತ್ತು ಗುಡ್ಡದ ಹಿಂದ ಸರೀಲಿ. ಪೂರಾ ಕತ್ತಲಾಗೋತನ ಕಾಯಂಗಿಲ್ಲ, ಹಚ್ಚೇಬಿಡ್ತೀನಿ. ಸುಟ್ರ ಸುಡಲಿ," ಎಂದು ಯಂತ್ರಗಳಿದ್ದ ಗುಡಾರದ ಕಡೆ ನಡೆದ.

ಬಸವಂತ್ರಾಯ ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ.

"ಬರ್ರಿ ಮೇಡಂ. ಚಹಾ?"

"ಆಮ್ಯಾಲ. ಬಸವಂತ್ರಾಯರ, ನಿನ್ನಿ ನೋಡಿದ್ದು ಇನ್ನೊಮ್ಮಿ ಹೇಳ್ರಿ. ದಂಡಿಗೆ ಬಂದು ಹೇಳ್ರಿ."

ಅವನು ಎದ್ದು ಬಂದ. ಹೇಳಿ ಹೇಳಿ ಅವನಿಗೂ ಅದು ಬಾಯಿಪಾಠವಾಗಿತ್ತು. "ಕುಡಗೋಲು ಹಾಕಿ ಸರ್ರ್ ಅಂತ ಕೊಯ್ದರೀ. ಚೆಂಡು ಬುಳುಕ್ ಅಂತ ಒಳಗ ಹೋತು. ಅದರ ಬೆನ್ನಿಗೇ ನಿಮ್ಮ ತಮ್ಮನೂ..."

"ಬುಳುಕ್ ಅಂತ?"

"ಬುಳುಕ್ ಅಂತರೀ. ಕಲ್ಲು ಒಗದಂಗ."

ಶೇಖಮ್ಮ ಕೈಮಾಡಿದಳು. ಲಾಡ್ಲೇಸಾಬ ಶೆಡ್ಡಿನಿಂದ, ಬಳಸದೆ ಇಟ್ಟಿದ್ದ ಒಂದು ಗಾಜಿನ ಚೆಂಡು ತಂದು ದಂಡೆಯ ನೀರಿನ ಮೇಲೆ ಬಿಟ್ಟ. ದೊಡ್ಡ ಕಲ್ಲಂಗಡಿಯಷ್ಟು ದಪ್ಪ ಇತ್ತು.

"ಮುಳುಗಿಸಿ ತೋರಸ್ರಿ."

"ಏನ್ರೀ ಮೇಡಂ, ಮಷ್ಕಿರಿ..."

"ನೀರಾಗ ಇಳೀರಿ!"

ಅವಳ ದನಿಗೆ ಬಸವಂತ್ರಾಯನ ಕಾಲು ತಾನಾಗಿಯೇ ಇಳಿಯಿತು. ಸೊಂಟದವರೆಗೆ ನೀರಿನಲ್ಲಿ ನಿಂತು ಚೆಂಡಿನ ಮೇಲೆ ಎರಡೂ ಅಂಗೈಯಿಟ್ಟು ಒತ್ತಿದ. ಚೆಂಡು ಅರ್ಧ ಇಳಿದು ನಿಂತಿತು. ಎದೆ ಒಡ್ಡಿ, ಕಾಲು ನೆಲದಿಂದ ಎತ್ತಿ, ಮೈಭಾರವೆಲ್ಲ ಹಾಕಿದ. ಚೆಂಡು ಅವ್ವನ ಕೈಯಿಂದ ನುಣುಚುವ ಕೂಸಿನ ಹಾಗೆ ಪಕ್ಕಕ್ಕೆ ಜಾರಿ ಮೇಲಕ್ಕೆ ಚಿಮ್ಮಿತು, ಗದ್ದಕ್ಕೆ ಬಡಿಯಿತು, ಅವನು ಮುಗ್ಗರಿಸಿ ಬಿದ್ದ. ದಂಡೆಯ ಜನ ಘೊಳ್ಳೆಂದು ನಕ್ಕರು.

ಶೇಖಮ್ಮ ನಗಲಿಲ್ಲ. ನೀರಿಗಿಳಿದು ಅವನ ಅಂಗಿಯ ಕೊರಳು ಹಿಡಿದಳು.

"ಮುಳುಗಲಾರದ್ದು ಬುಳುಕ್ ಅಂತ ಹೆಂಗ ಹೋತು? ನನ್ನ ತಮ್ಮ ಎಲ್ಲಿ?"

"ನಾ ಕೊಂದಿಲ್ಲರೀ! ನನ್ನ ಮಕ್ಕಳಾಣಿ, ನಾ ಕೊಂದಿಲ್ಲ!"

ಅವಳ ಕೈ ಸಡಿಲಾಯಿತು. "ಓಡಿ ಹೋದ ಅಂತ ಬರೆಸಿದವರು ನೀವ. ಕೊಲ್ಲೋ ಮಾತು ಯಾರು ಆಡಿದ್ರು?" ಎಂದು ಕೇಳಿದಳು. ತಮ್ಮ ಕಳ್ಳನಲ್ಲ. ಅವ್ವ ಬುತ್ತಿ ಕಟ್ಟಿಕೊಂಡು ಹೋಗಲು ಒಂದು ಜೇಲೂ ಇಲ್ಲ. ಬೆಳಗಿನಿಂದ ಹಿಡಿದುಕೊಂಡಿದ್ದ ಒಂದೇ ಒಂದು ಆಸೆ ಹೋಯಿತು, ಅಷ್ಟು ಜನರ ಎದುರಿಗೇ ಅವಳಿಗೆ ಅಳು ಒತ್ತರಿಸಿ ಬಂತು.

"ಹೊರಗಿನ ಗಿರಾಕಿರೀ," ಬಸವಂತ್ರಾಯ ಬಡಬಡಿಸಿದ. "ಅಕ್ಕಿಕಾಳು ತನ್ನ ಕಡಿ ಎಳಿಯೋ ಲೋಹ ಅದರಾಗ ಅದ, ಕೋಟಿಗಟ್ಟಲೆ ಬಾಳತದ, ತಂದುಕೊಡು ಅಂದ್ರು. ದೀಪದ ಚೆಂಡಿಗೆ ತಂತಿ ಇಲ್ಲ, ಬಿಚ್ಚಿದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂತ... ನಾ ನೀರಿನ ಹತ್ರನೂ ಬಂದಿಲ್ಲ. ಹಿಂಗ ಹೇಳು ಅಂದ್ರು, ಹೇಳಿದೆ."

"ಯಾರು ಅಂದ್ರು?"

ಬಸವಂತ್ರಾಯ ಬಾಯಿ ತೆರೆದ. ಕಣ್ಣು ಅತ್ತಿತ್ತ ಹರಿದಾಡಿ, ದಂಡೆಯ ಜನರಲ್ಲಿ ಯಾರನ್ನೋ ಕಂಡು ಬಾಯಿ ಮುಚ್ಚಿಕೊಂಡ.

"ತಂಗೀ! ಬಾ! ದೌಡ ಬಾ!"

ಗುಡಾರದಿಂದ ಮರಿಲಿಂಗಪ್ಪನ ಕೂಗು. ಸೂರ್ಯ ಗುಡ್ಡದ ಹಿಂದೆ ಸರಿದಿದ್ದ. "ಇವನ್ನ ಹಿಡಕೊಂಡಿರು," ಎಂದು ಲಾಡ್ಲೇಸಾಬನಿಗೆ ಹೇಳಿ ಶೇಖಮ್ಮ ಒದ್ದೆ ಬಟ್ಟೆಯಲ್ಲೇ ಓಡಿದಳು. ಅವಳ ಹಿಂದೆ ನಾಲ್ಕಾರು ಜನವೂ ಓಡಿದರು.

ಕಂಪ್ಯೂಟರಿನ ಪರದೆಯ ಮೇಲೆ ಸಾಲು ಸಾಲು ಗೆರೆಗಳು. ಒಂದು ಗೆರೆ ಸತ್ತಂತೆ ಮಲಗಿತ್ತು. "ಒಂದು ಕಣ್ಣು ಆಗಲೇ ಸುಟ್ಟಿತು," ಎಂದ ಮರಿಲಿಂಗಪ್ಪ. ಅದರ ಕಡೆ ಅವನು ತಿರುಗಿಯೂ ನೋಡಲಿಲ್ಲ. "ಅದು ಹೋಗಲಿ. ಇದನ್ನ ನೋಡು."

ಪಕ್ಕದ ಗೆರೆ ಚಂಗನೆ ಮೇಲೆದ್ದಿತು. ಬಿತ್ತು. ಮತ್ತೆ ಎದ್ದಿತು. ಬಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಎರಡು ಸಲ.

"ನಮ್ಮ ದೀಪ. ಪಡುವಣ ಗ್ವಾಡಿ ಕಡಿಯಿಂದ ಬರಾಕತ್ತದ."

"ತಾನಾಗೇ ಹತ್ತಿ ಆರತದೇನು?"

"ಇಲ್ಲ." ಅವನು ಗೆರೆಯ ಮೇಲೆ ಬೆರಳಿಟ್ಟ. "ಗಾಜಿನ ಹೊರಗಿಂದ ಅಯಸ್ಕಾಂತ ಹಿಡಿದ್ರ ಹತ್ತತದ, ಸರಿಸಿದ್ರ ಆರತದ. ಆ ಅಯಸ್ಕಾಂತ ಚೆಂಡಿಗೇ ದಾರದಿಂದ ಕಟ್ಟಿ ತೂಗುಬಿಟ್ಟೀವಿ. ಹಿಂಗ ಎರಡೆರಡು ಸಲ ಹಚ್ಚಿ ಆರಿಸಬೇಕಂದ್ರ..."

"ಅಂದ್ರ?"

"ಮನಷ್ಯಾನ ಕೈ ಬೇಕು ತಂಗೀ."

ಶೇಖಮ್ಮನ ಗಂಟಲಿನಿಂದ ಹೊರಟದ್ದು ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ. ಪರದೆಗೆ ಅಂಗೈ ಒತ್ತಿ ಹಿಡಿದಳು. ಗೆರೆ ಎದ್ದಿತು, ಬಿತ್ತು. "ಸಾಬು, ನನ್ನಪ್ಪ, ಅದೀಯೇನೋ," ಎಂದಳು.

ಹಿಂದೆ ನಿಂತಿದ್ದ ಮಕ್ತುಮಸಾಬ ಮುಂದೆ ಬಂದ. ಖಣಿ ಒಣಗಿದ್ದ ಕಾಲಕ್ಕೆ ಇಲ್ಲೇ ಕಲ್ಲು ಒಡೆದವನು. "ಆ ಗ್ವಾಡಿಗೆ ಒಂದು ಗವಿ ಅದವ್ವಾ. ಬಿಸಲಿಗೆ ಅಲ್ಲೇ ಕುಂತು ರೊಟ್ಟಿ ತಿಂತಿದ್ವಿ. ಬಾಯಿ ಕೆಳಗ, ಒಳಗ ಹೋದಂಗ ಮ್ಯಾಲ ಏರತದ. ಮ್ಯಾಲಿನ ಮೂಲಿಯಾಗ ಗಾಳಿ ನಿಂತಿದ್ರೂ ನಿಂತಿರಬೇಕು."

ಅವನ ಮಾತು ಮುಗಿಯುವ ಮೊದಲೇ ಹೊರಗೆ ಯಾರೋ ಕೂಗಿದರು. "ನೀರು ಬಂತೋ! ಕಾಲುವಿಗೆ ನೀರು ಬಂತು!"

ನೀರು ಏರಿದರೆ ಗವಿಯ ಆ ಮೂಲೆಯಲ್ಲಿ ಗಾಳಿ ಎಷ್ಟು ಹೊತ್ತು ಉಳಿದೀತು? ಶೇಖಮ್ಮ ಹೊರಗೋಡಿ ದಂಡೆಯ ಮೇಲೆ ನಿಂತು ಕಿರುಚಿದಳು. "ಸಾಬಣ್ಣ ಜೀವಂತ ಅದಾನ! ಪಡುವಣ ಗ್ವಾಡಿ ಗವಿಯಾಗ ಅದಾನ! ಯಾರರೆ ಇಳೀರೋ! ನಿಮ್ಮ ಕಾಲು ಹಿಡೀತೀನಿ, ಇಳೀರಿ!"

ಈಜು ಬಲ್ಲ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟು ಆಳಕ್ಕೆ ಉಸಿರು ಕಟ್ಟಿ ಇಳಿದು, ಗವಿ ಹೊಕ್ಕು, ಇನ್ನೊಬ್ಬನನ್ನು ಎಳೆದು ತರುವುದೆಂದರೆ ಸಾಮಾನ್ಯವೇ?

"ನಾ ಇಳೀತೀನಕ್ಕಾ," ಎಂದ ಅಂಬ್ರಪ್ಪ.

ಅವನು ಆಗಲೇ ಸಿಲಿಂಡರ್ ಬೆನ್ನಿಗೇರಿಸಿ ಪಟ್ಟಿ ಬಿಗಿಯುತ್ತಿದ್ದ. "ಇಷ್ಟೇ ಇಷ್ಟು ಗಾಳಿ ಉಳದದ. ಹೋಗಿ ಬರಾಕ ಸಾಲತದ." ಕೈಯಲ್ಲಿ ಬ್ಯಾಟರಿ ದೀಪ, ಸೊಂಟದಲ್ಲಿ ಕಬ್ಬಿಣದ ಸಲಾಕೆ. "ಗವಿ ಬಾಯಿಗೆ ಕಲ್ಲು ಬಿದ್ದಿದ್ರ ಸರಸಾಕ ಬೇಕಲ್ಲ," ಎಂದ.

ಶೇಖಮ್ಮ ಅವನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. "ಸಾಯೋತನ ನಿನ್ನ ಋಣ ಮರೆಯಂಗಿಲ್ಲ, ಅಂಬ್ರಪ್ಪ."

"ಹಂಗ್ಯಾಕ ಅಂತೀರಿ ಅಕ್ಕಾ. ಸಾಬಣ್ಣ ನನಗ ತಮ್ಮ ಇದ್ದಂಗ."

ಅವಳೇ ತನ್ನ ಕೈಯಾರೆ ಅವನ ಸೊಂಟಕ್ಕೆ ಹಗ್ಗ ಕಟ್ಟಿದಳು. ಎರಡು ಸಲ ಜಗ್ಗಿದರೆ ಮೇಲೆ ಎಳೆಯುವುದು ಎಂದು ಮಾತಾಯಿತು. ಅಂಬ್ರಪ್ಪ ಪಡುವಣ ಗೋಡೆಯ ಹತ್ತಿರ ಹೋಗಿ ನೀರಿಗಿಳಿದ. ನೀರು ಒಂದು ಸುತ್ತು ಅಲುಗಾಡಿ ಸುಮ್ಮನಾಯಿತು. ಹಗ್ಗ ಶೇಖಮ್ಮನ ಅಂಗೈಯಲ್ಲಿ ಹರಿಯತೊಡಗಿತು.

"ಯಾರು ಇಳದ್ರು?" ಎಂದು ಹಿಂದಿನಿಂದ ಬಸವಂತ್ರಾಯ ಕೇಳಿದ.

ಲಾಡ್ಲೇಸಾಬ ಅವನ ತೋಳು ಹಿಡಿದು ನಿಂತಿದ್ದ. "ಸುಮ್ನಿರು. ನಮ್ಮ ಅಂಬ್ರಪ್ಪ ಇಳದಾನ. ಹಂಗಿರಬೇಕು ಮನಷ್ಯಾ ಅಂದ್ರ."

ಬಸವಂತ್ರಾಯ ಹಣೆ ಹಣೆ ಬಡಿದುಕೊಂಡ. "ಯಾಕ ಬಿಟ್ರೀ ಅವನ್ನ! ಮೇಡಂ, ಯಾಕ ಬಿಟ್ರಿ! ಕೊಂಡಿ ಬಿಚ್ಚಿದವ ಅವನ. ಗಿರಾಕಿ ಬರೋತನ ಚೆಂಡು ಗವಿಯಾಗ ಇಟ್ಟವ ಅವನ. ಸಾಬಣ್ಣ ಬೆನ್ನು ಹತ್ತಿ ಗವಿ ಹೊಕ್ಕ, ಇವ ಬಾಯಿಗೆ ಕಲ್ಲು ಕೊಟ್ಟು ಮ್ಯಾಲ ಬಂದ. ಸತ್ತ, ಮುಗೀತು, ಬಾಯಿ ಬಿಟ್ರ ನಿನಗೂ ಅದೇ ಗತಿ ಅಂದ ನನಗ!"

ಶೇಖಮ್ಮ ಅವನನ್ನು ನೋಡಿದಳು.

"ಸತ್ತಾನ ಅಂತಲೇ ತಿಳದಿದ್ದರೀ ಅವ," ಬಸವಂತ್ರಾಯ ಅಳುತ್ತಿದ್ದ. "ಜೀವಂತ ಅದಾನ ಅಂತ ಈಗ ನೀವ ಕೂಗಿ ಹೇಳಿದ್ರಿ."

ಅವಳು ಹಗ್ಗ ಎಳೆದಳು. ಮೈಯಲ್ಲಿದ್ದ ಬಲವೆಲ್ಲ ಹಾಕಿ, ಕೈ ಮೇಲೆ ಕೈ ಹಾಕಿ ಎಳೆದಳು. ಲಾಡ್ಲೇಸಾಬ ಬಸವಂತ್ರಾಯನನ್ನು ಬಿಟ್ಟು ಓಡಿಬಂದು ತಾನೂ ಕೈಹಾಕಿದ. ಅವನ ಕೈ ಬೇಕಾಗಿರಲಿಲ್ಲ. ಹಗ್ಗ ಯಾವ ಭಾರವೂ ಇಲ್ಲದೆ ಸರಸರನೆ ಬಂತು, ಅವಳು ಹಾಕಿದ ಗಂಟು ಬಿಚ್ಚಿದ ತುದಿ ನೀರು ತೊಟ್ಟಿಕ್ಕುತ್ತ ಅವಳ ಕಾಲ ಬಳಿ ಬಿತ್ತು.

ಗುಡಾರದಲ್ಲಿ ಪರದೆಯ ಮುಂದೆ ಕುಳಿತಿದ್ದ ಮರಿಲಿಂಗಪ್ಪನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವನು ಸಂತೋಷದಿಂದ ಕೂಗಿದ.

"ತಂಗೀ, ಮುಟ್ಟಿದ ನೋಡು! ಈಗ ಗವಿಯಾಗ ಎರಡು ಬೆಳಕು ಕಾಣಾಕತ್ತಾವ!"